ಮಗ್ಗದ ಬಾಯಿ

ಧಾರವಾಡದ ನುಡಿಸೆಲೆ ಕೇಂದ್ರದಲ್ಲಿ ಒಂದು ಮೌನದ ಕೋಣೆಯಿತ್ತು. ಗೋಡೆಗೆಲ್ಲ ದಪ್ಪ ಮೆತ್ತೆ, ಬಾಗಿಲಿಗೆ ಎರಡು ಪದರ. ಒಳಗೆ ಕೂತರೆ ನಮ್ಮ ಉಸಿರೇ ಬೇರೆ ಯಾರದೋ ಎನ್ನಿಸುವಷ್ಟು ನಿಶ್ಶಬ್ದ. ಮಾತು ಬಾರದ ಮಕ್ಕಳನ್ನು ಅಲ್ಲಿ ಕೂರಿಸಿ, ಎಳ್ಳಷ್ಟು ದನಿ ಹೊರಟರೂ ಹಿಡಿದುಕೊಳ್ಳುವ ಏರ್ಪಾಡು ಅದು. ಮಕ್ಕಳ ಮಾತಿನ ಚಿಕಿತ್ಸಕಿ ಜಯಶೀಲಾ ಬಳಿಗಾರ ಆ ಕೋಣೆಯಲ್ಲಿ ಬನಶ್ರೀ ಎಂಬ ಹುಡುಗಿಯ ಎದುರು ಎಷ್ಟೋ ಸಲ ಕೂತಿದ್ದಳು. ಬನಶ್ರೀ ಒಮ್ಮೆಯೂ ದನಿ ತೆಗೆದಿರಲಿಲ್ಲ.

ಹಾಗೆಂದು ಬನಶ್ರೀ ಬರಿಯ ಮೂಕಿಯಾಗಿ ಕೂರುತ್ತಿದ್ದಳು ಎಂದರೆ ತಪ್ಪಾಗುತ್ತದೆ. ಅವಳ ಪರವಾಗಿ ಅವಳ ಕೊರಳಪಟ್ಟಿ ಮಾತಾಡುತ್ತಿತ್ತು.

ಕೊರಳಪಟ್ಟಿ ಬಂದು ಕೆಲವು ವರ್ಷಗಳಾಗಿದ್ದವು. ನಾವು ಏನಾದರೂ ಹೇಳಬೇಕೆಂದುಕೊಂಡ ಕೂಡಲೇ ಮಿದುಳಿನಿಂದ ನಾಲಿಗೆಗೆ, ತುಟಿಗೆ, ಗಂಟಲಿಗೆ ಅಪ್ಪಣೆ ಹೋಗುತ್ತದೆ. ದನಿ ಹೊರಡದಿದ್ದರೂ ಆ ಸ್ನಾಯುಗಳು ಕಣ್ಣಿಗೆ ಕಾಣದಷ್ಟು ಮಿಡುಕುತ್ತವೆ. ಪಟ್ಟಿ ಆ ಮಿಡುಕನ್ನು ಓದಿ, ಮಾತು ಇಂಥದ್ದೆಂದು ಊಹಿಸಿ, ಗುಂಡಿಯಷ್ಟು ಸ್ಪೀಕರಿನಿಂದ ಆಡಿ ತೋರಿಸುತ್ತದೆ. ಅದಕ್ಕೊಂದು ದನಿ ಬೇಕಲ್ಲ? ತಾಯಿಯ ದನಿಯನ್ನೇ ಎತ್ತಿಕೊಂಡು, ತುಸು ಎಳಸು ಮಾಡಿ ಅದರಲ್ಲಿ ಕೂರಿಸುತ್ತಾರೆ.

ಮಗುವಿಗೆ ಐದು ತುಂಬುವವರೆಗೆ ಪಟ್ಟಿ ಬರಿಯ ಊರುಗೋಲು. ಒಂದೊಂದೇ ಪದ ಹೇಳುತ್ತದೆ, ಬೇಕೆಂದಾಗ ತೆಗೆದಿಡಬಹುದು. ಅಷ್ಟರೊಳಗೆ ಮಗುವಿನ ಸ್ವಂತ ದನಿ ಮೊಳೆಯದಿದ್ದರೆ ಕೇಂದ್ರದ ಸಭೆ ಕೂತು ‘ನೆಲೆ’ ಹಾಕಲು ತೀರ್ಮಾನಿಸುತ್ತದೆ. ಕೂದಲೆಳೆಯಂಥ ತಂತುಗಳನ್ನು ಚರ್ಮದ ಕೆಳಗೆ ಸೇರಿಸುತ್ತಾರೆ. ಆಮೇಲೆ ಪಟ್ಟಿ ನಿರರ್ಗಳ ಮಾತಾಡುತ್ತದೆ, ಶಾಲೆಯಲ್ಲಿ ಮಗ್ಗಿಯನ್ನೂ ಒಪ್ಪಿಸುತ್ತದೆ. ಆದರೆ ಗಂಟಲು ಈ ಕೆಲಸ ಇನ್ನು ತನ್ನದಲ್ಲವೆಂದು ಕೈಬಿಡುತ್ತದೆ. ಸದಾ ಕಂಕುಳಲ್ಲೇ ಇರುವ ಕೂಸಿಗೆ ಕಾಲಿನ ನೆನಪೇ ಆಗುವುದಿಲ್ಲವಲ್ಲ, ಹಾಗೆ. ನೆಲೆ ಹಾಕಿದ ಮೇಲೆ ಸ್ವಂತ ದನಿ ಬಂದ ಮಗುವನ್ನು ಯಾರೂ ಕಂಡಿರಲಿಲ್ಲ.

"ಒಂದು ಗೆರೆ ಇಲ್ಲ ಮಾರಾಯ್ರೆ," ಎಂದ ಡೆನ್ಜಿಲ್ ಪಿಂಟೊ. ಮಂಗಳೂರಿನ ಕಡೆಯವನು, ಪಟ್ಟಿಗಳ ಉಸ್ತುವಾರಿಯ ಎಂಜಿನಿಯರು. ರಾಜ್ಯದ ಅಷ್ಟೂ ಮಕ್ಕಳ ಕೊರಳಿನ ಸುದ್ದಿ ಅವನ ಪರದೆಗಳ ಮೇಲೆ ಹಸಿರು ಗೆರೆಗಳಾಗಿ ಹರಿಯುತ್ತಿತ್ತು. "ಪಟ್ಟಿ ಹಾಕಿದ ದಿನದಿಂದ ಇವತ್ತಿನವರೆಗೆ ನೋಡಿದೆ. ಬನಶ್ರೀಯ ಗಂಟಲಲ್ಲಿ ಮಾತಿನ ಧ್ವನಿಯ ನಡುಕ ಒಮ್ಮೆಯೂ ಬಂದಿಲ್ಲ. ಐದು ತುಂಬ್ತಾ ಬಂತು, ಮೂರು ವಾರಕ್ಕೆ ಸಭೆ. ನೀವೂ ತಂದೆತಾಯಿಯೂ ಒಪ್ಪಿದರೆ ನೆಲೆ ಹಾಕುವುದೇ."

ಜಯಶೀಲಾಗೆ ಒಪ್ಪಲು ಮನಸ್ಸಿರಲಿಲ್ಲ. ಹುಡುಗಿಯ ಕಿವಿ ಚೊಕ್ಕ, ಗಂಟಲು ಚೊಕ್ಕ, ಬುದ್ಧಿಯಂತೂ ವಯಸ್ಸಿಗಿಂತ ಒಂದು ಹೆಜ್ಜೆ ಮುಂದೆ. ಎಲ್ಲ ಇದ್ದೂ ಈ ಕೂಸಿಗೆ ದನಿಯೊಂದು ಯಾಕಿಲ್ಲ? ಕಾರಣ ಗೊತ್ತಿಲ್ಲದೆ ಬಾಗಿಲು ಮುಚ್ಚುವುದು ಅವಳಿಗೆ ಸರಿಬರಲಿಲ್ಲ. ಕಡೆಯದಾಗಿ ಒಮ್ಮೆ ಮನೆಗೇ ಹೋಗಿ ನೋಡಿಬರುತ್ತೇನೆಂದು ಹೊರಟಳು.

ಬನಶ್ರೀಯ ಮನೆ ಬನಹಟ್ಟಿಯ ನೇಕಾರರ ಓಣಿಯಲ್ಲಿತ್ತು. ಮನೆಯ ಹಿಂದೆಯೇ ಆರು ಪವರ್‌ಲೂಮಿನ ಶೆಡ್ಡು. ಜಯಶೀಲಾ ಅಲ್ಲಿಗೆ ಹಿಂದೆಯೂ ಹೋಗಿದ್ದಳು. ಆದರೆ ಧಾರವಾಡದ ಅಕ್ಕೋರು ಬರುತ್ತಾರೆಂದರೆ ಮಗ್ಗ ಬಂದ್! ಮನೆಗೆ ಬಂದವರ ಎದುರು ಮಗ್ಗ ನಡೆಸುವುದೆಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಎಂಬುದು ಆ ಓಣಿಯ ರೀತಿ. ಗುಡಿಸಿ ಸಾರಿಸಿದ ಪಡಸಾಲೆಯಲ್ಲಿ ಮನೆಮಂದಿಯೆಲ್ಲ ಫೋಟೋಕ್ಕೆ ನಿಂತವರಂತೆ ಕೂತಿರುತ್ತಿದ್ದರು. ಇವಳು ಹೇಳುತ್ತಿದ್ದಳು: ಕೂಸು ಏನಂದರೂ ಮರುಮಾತು ಕೊಡಿರಿ, ಅದು ಮುಗಿಸುವವರೆಗೂ ಕಾಯಿರಿ. ಅವರು ಹೂಂ ಹೂಂ ಎಂದು ತಲೆಯಾಡಿಸಿ, ಚಹಾ ಕುಡಿಸಿ, ಬಸ್ಸಿನವರೆಗೆ ಬಂದು ಕಳಿಸುತ್ತಿದ್ದರು.

ಈ ಸಲ ಪರಿಚಯದವರ ಕಾರು ಸಿಕ್ಕಿತು. ಹೇಳಿದ್ದಕ್ಕಿಂತ ಎಷ್ಟೋ ಮೊದಲೇ ಬಂದಿಳಿದಳು. ಬಾಗಿಲಲ್ಲಿ ನಿಂತು ಕೂಗಿದರೆ ಯಾರಿಗೆ ಕೇಳಬೇಕು? ಹಿಂದಿನಿಂದ ಆರೂ ಮಗ್ಗ ಖಟ ಖಟ ಖಟ ಎಂದು ಮನೆಯ ಪಾತ್ರೆಗಳನ್ನೆಲ್ಲ ಕುಣಿಸುತ್ತಿದ್ದವು. ಜಯಶೀಲಾ ಸಂದಿಯಲ್ಲಿ ಹಾದು ಶೆಡ್ಡಿಗೇ ಹೋದಳು.

ಅಲ್ಲಿ ಕಂಡದ್ದು ಅವಳು ನೋಡಿರದ ಮನೆ. ಬನಶ್ರೀಯ ಅಪ್ಪ ಮಾಲಿಂಗ ಮೂಲೆಯ ಮಗ್ಗದ ಹತ್ತಿರ ನಿಂತು, ಹೆಂಡತಿಗೆ ಬರಿಯ ತುಟಿಯಿಂದ ಏನನ್ನೋ ಕೇಳಿದ. ತಾಯಿ ಕಸ್ತೂರಿ ಹರಿದ ಎಳೆಗೆ ಗಂಟು ಹಾಕುತ್ತಲೇ, ಎರಡು ಬೆರಳೆತ್ತಿ, ತುಟಿಯಿಂದಲೇ ಉತ್ತರ ಕೊಟ್ಟಳು. ಕಂಬಕ್ಕೊರಗಿ ಅಜ್ಜಿ ತಂಗೆವ್ವ ಕಂಡಿಕೆಗೆ, ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ, ನೂಲು ಸುತ್ತುತ್ತಿದ್ದಳು. ಅವಳೆದುರು ಬನಶ್ರೀ. ಕೊರಳಲ್ಲಿ ಪಟ್ಟಿಯಿಲ್ಲ. ಬಾಯಿಗೆ ಮಾತ್ರ ಬಿಡುವೇ ಇಲ್ಲ! ತುಟಿ ಆಡುತ್ತಿದೆ, ಕೈ ಆಡುತ್ತಿದೆ, ಹುಬ್ಬು ಏರುತ್ತಿದೆ. ಅಜ್ಜಿ ನಡುನಡುವೆ ಬಾಯಾಡಿಸಿ ಏನೋ ಕೇಳುತ್ತಾಳೆ, ಮೊಮ್ಮಗಳು ಮತ್ತೆ ಶುರುಮಾಡುತ್ತಾಳೆ. ಮೌನದ ಕೋಣೆಯಲ್ಲಿ ಗೊಂಬೆಯಂತೆ ಕೂರುತ್ತಿದ್ದ ಕೂಸು ಇದೇ ಏನು?

ಜಯಶೀಲಾ ಮೆಲ್ಲಗೆ ಪಕ್ಕದಲ್ಲಿ ಕೂತಳು. ಹುಡುಗಿ ಅವಳತ್ತ ನೋಡಿ ನಕ್ಕು, ತನ್ನ ಪಾಡಿಗೆ ತಾನು ಮುಂದುವರಿಸಿದಳು. ಎಲ್ಲ ಮಕ್ಕಳಿಗೂ ಮಾಡುವಂತೆ ಜಯಶೀಲಾ ಅವಳ ಗಂಟಲಿಗೆ ಬೆರಳಿಟ್ಟಳು. ನಡುಕವಿತ್ತು. ಆದರೆ ಅಲ್ಲಿ ನೆಲ, ಕಂಬ, ತನ್ನ ಹಲ್ಲು ಎಲ್ಲವೂ ನಡುಗುತ್ತಿದ್ದವು. ಇನ್ನೊಂದು ಕೈಯನ್ನು ಅಜ್ಜಿಯ ಗಂಟಲಿಗೂ ಇಟ್ಟಳು. ತಂಗೆವ್ವ ಬೆಚ್ಚಿ, ಕಚಗುಳಿಯಾದವಳಂತೆ ನಕ್ಕಳು. ಅಜ್ಜಿಯ ಗಂಟಲಲ್ಲಿ ಮಗ್ಗದ ಪೆಟ್ಟು ಮಾತ್ರ ಒಂದೇ ಸಮನೆ ಬರುತ್ತಿತ್ತು. ಮೊಮ್ಮಗಳದರಲ್ಲಿ ಅದರ ಮೇಲೆ ಇನ್ನೊಂದು ಸಣ್ಣ ನಡುಕ. ತುಟಿ ಹೊರಟಾಗ ಹೊರಡುತ್ತಿತ್ತು, ತುಟಿ ನಿಂತಾಗ ನಿಲ್ಲುತ್ತಿತ್ತು.

ಅಷ್ಟರಲ್ಲಿ ಮಾಲಿಂಗ ಅವಳನ್ನು ಕಂಡ. ಅಯ್ಯೋ ಅಕ್ಕೋರು ಬಂದಾರ ಎಂದು ಓಡಿಹೋಗಿ ಮೇನ್ ಸ್ವಿಚ್ ಎಳೆದೇಬಿಟ್ಟ. ಆರೂ ಮಗ್ಗ ನಿಂತವು. ಬನಶ್ರೀಯ ಬಾಯಿ ಟಪ್ಪನೆ ಮುಚ್ಚಿಕೊಂಡಿತು. ಎದ್ದು ಒಳಗೆ ಹೋದಳು.

"ಆಕಿ ಮಾತಾಡ್ಲಿಕತ್ತಿದ್ಲು!" ಎಂದಳು ಜಯಶೀಲಾ. ಗದ್ದಲ ನಿಂತದ್ದು ಮರೆತು ಜೋರಾಗಿಯೇ ಕೂಗಿದ್ದಳು.

"ಅದಾ?" ತಂಗೆವ್ವನಿಗೆ ನಗು. "ಅದೇನ ಮಾತೇನ್ರಿ ಅಕ್ಕೋರ? ಮಗ್ಗದ ಬಾಯಿ ಅದು. ಮಗ್ಗ ನಡದಾಗ ಯಾರ ಕಿವಿಗೆ ಏನ ಕೇಳತೈತಿ? ದನಿ ತಗದ್ರ ಗಂಟಲ ಹರಿಯೂದಷ್ಟ. ಅದಕ್ಕ ನಾವು ಬಾಯಷ್ಟ ಆಡಸ್ತೀವಿ. ನಮ್ಮತ್ತಿ ಕಾಲದಿಂದನೂ ಹಂಗ."

"ನನ್ನ ಮುಂದ ಒಮ್ಮೆನೂ ಹೇಳಲಿಲ್ಲಲ್ರಿ ಆಯಿ?"

"ಕೂಸು ಮಾತಾಡತೈತೇನು ಅಂತ ಕೇಳಿದ್ರಿ. ಇಲ್ಲ ಅಂದ್ವಿ. ಕೈಸನ್ನಿ ಬಾಯಿಸನ್ನಿಗೆ ಯಾರರ ಮಾತು ಅಂತಾರೇನ್ರಿ?"

"ಆಯಿ, ಬರೇ ಬಾಯಿಸನ್ನಿ ಅಲ್ಲ ಅದು. ಆಕಿ ದನಿ ತಗೀತಾಳ. ನನ್ನ ಕೈಗೆ ಹತ್ತಿತು."

ಈಗ ಅಜ್ಜಿಯ ನಗು ನಿಂತಿತು. ದನಿಯೇ? ಆ ಸಂಗತಿ ಅವಳಿಗೂ ಗೊತ್ತಿರಲಿಲ್ಲ. ಕೂಸಿನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದರೂ ಮಗ್ಗದ ಸದ್ದಿನಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ.

ಪಟ್ಟಿ ಎಲ್ಲಿ ಎಂದು ಕೇಳಿದರೆ, ಅದು ದೇವರ ಜಗಲಿಯ ಮೇಲಿತ್ತು, ಡಬ್ಬಿಯೊಳಗೆ, ಡಬ್ಬಿಯ ಮುಚ್ಚಳಕ್ಕೆ ಕುಂಕುಮ. "ಶೆಡ್ಡಿನ್ಯಾಗ ಅರಳಿ ಧೂಳ ಹಾರತೈತ್ರಿ," ಎಂದಳು ಕಸ್ತೂರಿ. "ಅಷ್ಟ ನಾಜೂಕ ಸಾಮಾನು, ಕೆಟ್ಟಗಿಟ್ಟಿತು ಅಂತ ಇಲ್ಲಿಗೆ ಬರೂವಾಗ ತಗದ ಇಡ್ತೇನಿ." ಧೂಳು ತಾಗಿಸಬೇಡಿ ಎಂದು ಹೇಳಿಕೊಟ್ಟವಳು ಜಯಶೀಲಾಳೇ. ದಿನದ ಹೆಚ್ಚು ಹೊತ್ತು ಕೂಸು ಇರುವುದೇ ಧೂಳಿನಲ್ಲಿ ಎಂಬುದನ್ನು ಅವಳೂ ಕೇಳಿರಲಿಲ್ಲ.

ಕಸ್ತೂರಿಗೆ ಸಂತೋಷವಾದಂತೆ ಕಾಣಲಿಲ್ಲ. "ನೆಲದ ನಡುಕ ಇರಬೇಕ್ರಿ ಅದು. ನನ್ನ ಬಳಿನೂ ನಡಗತಾವು. ಆಶಾ ಹಚ್ಚಬ್ಯಾಡ್ರಿ ಅಕ್ಕೋರ," ಎಂದಳು. ಸ್ವಲ್ಪ ಹೊತ್ತು ಸೆರಗಿನ ಅರಳೆ ಕಿತ್ತಳು. "ಪಟ್ಟಿ ಮೊದಲನೇ ಸಲ ಅವ್ವಾ ಅಂದಾಗ ನಾ ಅತ್ತೇನಿ. ಅದು ನಂದ ದನಿ, ಗೊತ್ತೈತಿ. ಆದ್ರೂ ಅತ್ತೇನಿ. ನೆಲೆ ಹಾಕಿದ್ರ ಸಾಲ್ಯಾಗ ನಾಲ್ಕ ಮಂದಿ ಹಂಗ ಮಾತಾಡ್ತಾಳ. ಅದನ್ನ ಬಿಟ್ಟು, ಇದೂ ಸಿಗಲಿಲ್ಲಂದ್ರ?"

ಅಷ್ಟರಲ್ಲಿ ಬಾಗಿಲಲ್ಲಿ ಬನಶ್ರೀ ಬಂದು ನಿಂತಳು. ಪಟ್ಟಿಯನ್ನು ತಾನೇ ಕಟ್ಟಿಕೊಂಡು ಬಂದಿದ್ದಳು. "ಊಟ?" ಎಂದಿತು ಪಟ್ಟಿ, ಕಸ್ತೂರಿಯ ದನಿಯಲ್ಲಿ. ಮಗ್ಗ ನಿಂತರೆ ಆ ಮನೆಯಲ್ಲಿ ಊಟ, ಇಲ್ಲವೆ ನಿದ್ದೆ, ಇಲ್ಲವೆ ಯಾರೋ ದೊಡ್ಡವರು ಬಂದಿದ್ದಾರೆ, ಸುಮ್ಮನೆ ಕೂರು ಎಂಬ ಅಪ್ಪಣೆ. ಜಯಶೀಲಾ ಆ ಕ್ಷಣ ತನ್ನ ಮೌನದ ಕೋಣೆಯನ್ನು ನೆನೆದು ನಾಚಿದಳು.

ಡೆನ್ಜಿಲ್ ಮೊದಲು ನಂಬಲಿಲ್ಲ. "ಸುತ್ತಲ ನಡುಕ ಹೆಚ್ಚಾದರೆ ಪಟ್ಟಿ ತಾನೇ ಮಲಗುತ್ತದೆ. ಇಲ್ಲದಿದ್ದರೆ ಬಸ್ಸಿನ ನಡುಕವನ್ನೂ ಮಾತು ಅಂತ ತಿಳಿದು ಬಾಯಿಗೆ ಬಂದದ್ದು ಹೇಳ್ತದೆ. ಎಂತ ಮಾಡುವುದು?" ಎಂದು ಗೊಣಗಿದ. ಗೊಣಗಿದರೂ ಆ ಕಾವಲನ್ನು ಕಳಚಿ, ಎರಡು ಪಟ್ಟಿ ಸಿದ್ಧಮಾಡಿ ಬನಹಟ್ಟಿಗೆ ಕಳಿಸಿಕೊಟ್ಟ. ಒಂದು ಮೊಮ್ಮಗಳಿಗೆ, ಒಂದು ಅಜ್ಜಿಗೆ. "ಈ ವಯಸ್ಸಿನ್ಯಾಗ ನನಗೊಂದ ಸರ ಬಂತ ನೋಡ್ರಿ," ಎಂದು ತಂಗೆವ್ವ ಓಣಿಗೆಲ್ಲ ತೋರಿಸಿಕೊಂಡು ಬಂದಳಂತೆ.

ಧಾರವಾಡದ ಪರದೆಯ ಮೇಲೆ ಎರಡು ಗೆರೆ ಹರಿದವು. ಅಜ್ಜಿಯ ಗೆರೆಯಲ್ಲಿ ಮಗ್ಗದ ಪೆಟ್ಟು ಮಾತ್ರ, ಗರಗಸದ ಹಲ್ಲಿನಂತೆ ಒಂದೇ ಅಳತೆ. ಡೆನ್ಜಿಲ್ ಅದನ್ನು ಮಗುವಿನ ಗೆರೆಯಿಂದ ಕಳೆದ. ಏನೂ ಉಳಿಯಲಾರದೆಂದು ಅವನ ಎಣಿಕೆ. ಉಳಿಯಿತು. ಏರಿತು, ಇಳಿಯಿತು, ಪ್ರಶ್ನೆಯ ಕೊನೆಯಲ್ಲಿ ಏರುವಂತೆ ಮತ್ತೆ ಏರಿತು.

ಡೆನ್ಜಿಲ್ ಕನ್ನಡಕ ತೆಗೆದಿಟ್ಟ. "ಧ್ವನಿಯೇ ಇದು, ಜಯಶೀಲಾ. ವಾಕ್ಯ ವಾಕ್ಯ ಮಾತಾಡ್ತಿದೆ ಮಗು. ಆ ಧ್ವನಿ ಕಿವಿಗೆ ಹೇಗಿರ್ತದೆ ಅಂತ ಮಾತ್ರ ಕೇಳ್ಬೇಡಿ. ಪಟ್ಟಿಗೆ ನಡುಕ ಗೊತ್ತು, ಶಬ್ದ ಗೊತ್ತಿಲ್ಲ."

"ಇಷ್ಟು ದಿನಾ ಮಾತಾಡ್ಯಾಳ," ಎಂದಳು ಜಯಶೀಲಾ. "ದೊಡ್ಡವರು ಅಲ್ಲೆ ದನಿ ಬಿಟ್ಟು ಬರೇ ಬಾಯಿ ಆಡಸ್ತಾರ ಅನ್ನೋದು ಕೂಸಿಗೆ ಹೆಂಗ ಗೊತ್ತಾಗಬೇಕು? ಆಕಿ ತೊದಲೂದು ತೊದಲಿದ್ಲು, ಕಲಿಯೂದು ಕಲತ್ಲು. ಮಗ್ಗ ನಡದಾಗ ಮಾತು, ನಿಂತಾಗ ಸುಮ್ಮನಿರೂದು, ಹಂಗ ತಿಳಕೊಂಡಾಳ. ನಾವು ಆಕೀನ್ನ ಕರಕೊಂಡು ಬಂದು ಸುಮ್ಮನಿರೋ ಕೋಣಿಯೊಳಗ ಕೂಡಿಸಿ, ಮಾತಾಡು ಮಾತಾಡು ಅಂದ್ವಿ."

ಆದರೆ ಬರಿಯ ಗೆರೆ ತೋರಿಸಿದರೆ ಸಭೆ ಒಪ್ಪುವುದಿಲ್ಲ. ಗದ್ದಲವಿಲ್ಲದ ಕಡೆ, ಕಿವಿಗೆ ಕೇಳುವ ದನಿ ಬೇಕು ಎಂಬುದು ನಿಯಮ. ನಿಯಮ ತಪ್ಪೆಂದು ಹೇಳುವಂತೆಯೂ ಇರಲಿಲ್ಲ. ಜಗತ್ತೆಲ್ಲ ಮಗ್ಗದ ಶೆಡ್ಡಲ್ಲವಲ್ಲ.

ಕಸ್ತೂರಿ ಒಂದು ಕರಾರು ಹಾಕಿದಳು: "ಸಭೆತನಕ ನೋಡೂಣು. ಆಗಲಿಲ್ಲಂದ್ರ ನೆಲೆ. ಆಮ್ಯಾಲ ನನ್ನ ಮುಂದ ಯಾರೂ ಆಶಾ ಮಾತ ಆಡಬ್ಯಾಡ್ರಿ." ಜಯಶೀಲಾ ರಜೆ ಹಾಕಿ ಪಕ್ಕದ ರಬಕವಿಯಲ್ಲಿ ತಂಗಿಯ ಮನೆಗೆ ಬಂದಿಳಿದಳು.

ಮೊದಲ ಉಪಾಯ ಡೆನ್ಜಿಲನದು. ಮಗ್ಗದ ಸದ್ದನ್ನು ಮುದ್ರಿಸಿಕೊಂಡು ಪಡಸಾಲೆಯಲ್ಲಿ ದೊಡ್ಡ ಸ್ಪೀಕರಿನಿಂದ ಹಾಕುವುದು, ಕೂಸು ಮಾತಾಡುತ್ತಿದ್ದಂತೆ ಮೆಲ್ಲಮೆಲ್ಲಗೆ ಇಳಿಸುವುದು. ಬನಶ್ರೀ ಸ್ಪೀಕರನ್ನು ನೋಡಿದಳು. ಬಗ್ಗಿ ಅಂಗೈಯನ್ನು ನೆಲಕ್ಕಿಟ್ಟಳು. ನೆಲ ನಡುಗುತ್ತಿರಲಿಲ್ಲ. ಇದೆಂಥ ಮಗ್ಗ ಎಂಬಂತೆ ಎಲ್ಲರ ಮುಖ ನೋಡಿ, ಬಾಯಿ ಮುಚ್ಚಿಕೊಂಡು ಹೊರಗೆ ಆಡಲು ಹೋದಳು.

"ಮಗ್ಗಾನ ಇಳಸೂಣ್ರಿ," ಎಂದ ಮಾಲಿಂಗ. ಅವನು ಮಾತಾಡುವುದೇ ಕಡಿಮೆ. "ಒಂದೊಂದ ನಿಲ್ಲಿಸಿಕೋತ ಬರೂದು. ಮೂಲ್ಯಾಗಿಂದು ಭಾಳ ಒದರತೈತಿ, ಅದು ಮೊದಲ. ಕೂಸಿನ ಮಗ್ಗಲದ್ದು ಕಡೀಕ."

ಸೀರೆಗಳನ್ನು ಒಪ್ಪಿಸುವ ಗಡುವಿತ್ತು. ಆದರೂ ದಿನಾ ಮಧ್ಯಾಹ್ನ, ಅಜ್ಜಿ ಮೊಮ್ಮಗಳು ಮಾತಿಗೆ ಕೂತ ಮೇಲೆ, ಮಾಲಿಂಗ ಮಗ್ಗ ನಿಲ್ಲಿಸತೊಡಗಿದ. ಒಂದು ನಿಂತಿತು, ಕೂಸಿಗೆ ಗೊತ್ತೇ ಆಗಲಿಲ್ಲ. ಎರಡು ನಿಂತವು, ತುಸು ತಡೆದು ಮುಂದುವರಿಸಿದಳು. ಮೂರನೆಯದಕ್ಕೆ ಬಾಯಿ ಮುಚ್ಚಿದಳು. ಮತ್ತೆ ಎರಡಕ್ಕೆ ಹಿಂದಿರುಗಿದರು. ಹಟ ಮಾಡಲಿಲ್ಲ, ಕಾದರು. ಗದ್ದಲ ಇಳಿದಂತೆಲ್ಲ ದೊಡ್ಡವರೂ ದನಿ ತೆಗೆದೇ ಮಾತಾಡಬೇಕೆಂದು ಜಯಶೀಲಾ ಹೇಳಿದ್ದಳು. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಹುಟ್ಟಿದಾಗಿನಿಂದ ಶೆಡ್ಡಿನಲ್ಲಿ ಬಾಯಷ್ಟೇ ಆಡಿಸಿದವರು. ಕಸ್ತೂರಿ "ಇಲ್ಲಿ ದನಿ ತಗಿಯಾಕ ನಾಚಿಕಿ ಬರತೈತ್ರಿ" ಎಂದು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ತಂಗೆವ್ವನಿಗೆ ಆ ಚಿಂತೆಯಿರಲಿಲ್ಲ. ಅವಳು ಸಂತೆಯಲ್ಲಿ ಕೂಗುವವಳಂತೆ ಕೂಗಿ ಕೂಗಿ, ಸಂಜೆಗೆ ಗಂಟಲು ಕಟ್ಟಿ ಕಷಾಯ ಕುಡಿಯುತ್ತಿದ್ದಳು.

ಧಾರವಾಡದಿಂದ ಡೆನ್ಜಿಲ್ ದಿನಾ ಗೆರೆ ನೋಡಿ ಹೇಳುತ್ತಿದ್ದ: "ಇವತ್ತೂ ಉಂಟು. ಮೊನ್ನೆಗಿಂತ ಗಟ್ಟಿ ಉಂಟು." ಕೂಸಿನ ಕೊರಳಿನ ಪಟ್ಟಿಗೆ ಮಾತು ನಿಲ್ಲಿಸಿ, ನಡುಕ ಓದುವ ಕೆಲಸವೊಂದನ್ನೇ ಬಿಟ್ಟಿದ್ದ. ಕಡೆಯ ವಾರ ಒಂದೇ ಮಗ್ಗ ಉಳಿಯಿತು. ಅದರ ಖಟಖಟದ ಸಂದಿಯಲ್ಲಿ ಏನೋ ಗೊರಗೊರ ಕೇಳಿದಂತಾಯಿತು ಎಂದಳು ತಂಗೆವ್ವ. ಮಗ್ಗಕ್ಕೆ ಎಣ್ಣೆ ಆರಿರಬೇಕು ಎಂದಳು ಕಸ್ತೂರಿ. ಆದರೂ ಅಂದು ಅವಳ ಕೈ ಎರಡು ಸಲ ತಪ್ಪು ಎಳೆ ಗಂಟು ಹಾಕಿತು.

ಸಭೆಯ ಹಿಂದಿನ ದಿನ ಬಂತು. ಅಂದು ಕೊರಳಪಟ್ಟಿಯನ್ನೂ ತೆಗೆಸಿದರು. ಜಯಶೀಲಾ ಎಲ್ಲರಿಗೂ ಹೇಳಿದಳು: "ಮಗ್ಗ ನಿಂತ ಕೂಡಲೇ ಯಾರೂ ಆಕಿ ಕಡೆ ತಿರುಗಿ ನೋಡಬ್ಯಾಡ್ರಿ. ಉಸಿರು ಹಿಡೀಬ್ಯಾಡ್ರಿ. ನಿಮ್ಮ ಪಾಡಿಗೆ ಕೆಲಸ ಮಾಡ್ರಿ. ಆಯಿ, ನೀವು ಮರುಮಾತು ಕೊಡೋದು ಮರೀಬ್ಯಾಡ್ರಿ."

ಬನಶ್ರೀ ಅಜ್ಜಿಗೆ ಏನೋ ದೊಡ್ಡ ಪ್ರಸಂಗ ಹೇಳುತ್ತಿದ್ದಳು. ಕೈಗಳೆರಡೂ ರೆಕ್ಕೆಯಾಗಿದ್ದವು. ಮಾಲಿಂಗ ಸ್ವಿಚ್ಚಿನ ಹತ್ತಿರ ನಿಂತಿದ್ದ. ಜಯಶೀಲಾ ಕಸ್ತೂರಿಯನ್ನು ನೋಡಿದಳು. ಕಸ್ತೂರಿ ಗಂಡನನ್ನು ನೋಡಿ ತಲೆಯಾಡಿಸಿದಳು. ಕಡೆಯ ಮಗ್ಗ ನಿಂತಿತು.

"...ಕಂಡಿಕಿ ಕಚ್ಚಿಕೊಂಡ ಹ್ವಾತ ಆಯಿ, ಎಳಿ ಬಿಚ್ಚತಾ ಬಿಚ್ಚತಾ ಹ್ವಾತ, ಕಾಗಿ!"

ಒರಟು ದನಿ, ಬಲು ಜೋರು. ಆರು ಮಗ್ಗದ ಆಚೆಗೆ ಕೇಳಿಸಬೇಕೆಂದು ಬೆಳೆದ ದನಿಯಲ್ಲವೆ, ಗೋಡೆಗೆ ಬಡಿದು ವಾಪಸು ಬಂತು. ಬನಶ್ರೀ ಬೆಚ್ಚಿದಳು. ಯಾರು ಕೂಗಿದ್ದೆಂದು ಹಿಂದೆ ತಿರುಗಿ ನೋಡಿದಳು. ಕೊರಳು ಮುಟ್ಟಿಕೊಂಡಳು. ಪಟ್ಟಿಯಿರಲಿಲ್ಲ. ಇಷ್ಟು ವರ್ಷ ಆಡಿದ ತನ್ನ ಮಾತನ್ನು ಅವಳು ಗದ್ದಲವಿಲ್ಲದ ಕಡೆ ಎಂದೂ ಕೇಳಿರಲಿಲ್ಲ. ದನಿಯಿಲ್ಲದೆ, ಬರಿಯ ತುಟಿಯಿಂದ, "ಯಾರು?" ಎಂದಳು.

ಹೇಳಿಕೊಟ್ಟ ಪಾಠವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ತಂಗೆವ್ವ ಬಾಯಿ ತೆರೆದು ಕೂತವಳು ಕೂತೇ ಇದ್ದಳು. ಮಾಲಿಂಗ ಗೋಡೆಯ ಕಡೆ ಮುಖ ತಿರುಗಿಸಿದ. ಜಯಶೀಲಾಗೂ ಕಣ್ಣು ತುಂಬಿ ಬಂತು. ಬನಶ್ರೀಯ ತುಟಿಗಳು ಮೆಲ್ಲಗೆ ಕೂಡಿಕೊಳ್ಳುತ್ತಿದ್ದವು. ಇನ್ನೊಂದು ಗಳಿಗೆ ಕಳೆದರೆ ಎದ್ದು ಹೋಗುತ್ತಾಳೆ, ದೇವರ ಜಗಲಿಯಿಂದ ಮಾತಾಡುವ ಹಳೆಯ ಪಟ್ಟಿ ತಂದು ಕಟ್ಟಿಕೊಳ್ಳುತ್ತಾಳೆ ಎಂಬುದು ಜಯಶೀಲಾಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

"ಆಮ್ಯಾಲ?"

ಕೇಳಿದವಳು ಕಸ್ತೂರಿ. ಎಳೆಗೆ ಗಂಟು ಹಾಕುತ್ತಿದ್ದ ಕೈ ನಿಲ್ಲಿಸಿರಲಿಲ್ಲ, ಮುಖ ಎತ್ತಿರಲಿಲ್ಲ. "ಕಾಗಿ ಎಲ್ಲಿಗೆ ಹ್ವಾತ, ಬನೂ?"

ಹುಡುಗಿ ಅವ್ವನನ್ನು ನೋಡಿದಳು. ಒಂದು ಕೈಯನ್ನು ಗಂಟಲ ಮೇಲೆಯೇ ಇಟ್ಟುಕೊಂಡು, ಅಳೆದು ನೋಡುವವಳಂತೆ, ಸಣ್ಣಗೆ ಅಂದಳು:

"ಬೇವಿನ ಗಿಡಕ್ಕ."

ಕೈಯಡಿಯಲ್ಲಿ ಏನೋ ನಡುಗಿತಲ್ಲ, ಅವಳಿಗೆ ನಗು ಬಂತು. ಮತ್ತೆ ಅಂದಳು, ಈ ಸಲ ಜೋರಾಗಿ. ಆಮೇಲೆ ಬೇವಿನ ಗಿಡದಲ್ಲಿ ನೂಲು ಸಿಕ್ಕಿಕೊಂಡದ್ದು, ಕಾಗೆ ಕಾಲು ಕೊಡವಿದ್ದು, ಓಣಿಯ ನಾಯಿ ಬೊಗಳಿದ್ದು, ಒಂದರ ಹಿಂದೆ ಒಂದು ಬಂದವು. ತಂಗೆವ್ವನಿಗೂ ಬಾಯಿ ಬಂತು. "ಯವ್ವಾ, ಇದ ಯಾರ ಗಂಟಲ? ನಮ್ಮ ಮನ್ಯಾಗ ಯಾರದೂ ಹಿಂಗಿಲ್ಲ," ಎಂದು ಅಳುತ್ತ ನಕ್ಕಳು. ನಿಜ, ಅದು ಕಸ್ತೂರಿಯ ದನಿಯಂತೆ ಇರಲೇ ಇಲ್ಲ. ಜಯಶೀಲಾ ಡೆನ್ಜಿಲನಿಗೆ ಫೋನು ಹಚ್ಚಿ, ಏನೂ ಹೇಳದೆ, ಕೂಸಿನ ಕಡೆ ಹಿಡಿದಳು.

ಮಾಲಿಂಗ ಸ್ವಿಚ್ಚಿನ ಮೇಲೆ ಕೈಯಿಟ್ಟು, ಎಷ್ಟೋ ವರ್ಷದ ರೂಢಿಯಂತೆ, ಬರಿಯ ತುಟಿಯಿಂದ ಹೆಂಡತಿಯನ್ನು ಕೇಳಿದ: ಹಾಕಲೇನು?

"ತಡೀರಿ," ಎಂದಳು ಕಸ್ತೂರಿ, ಎಲ್ಲರಿಗೂ ಕೇಳುವ ಹಾಗೆ. "ಆಕೀ ಮಾತ ಮುಗೀಲಿ."